ಪಂಪಣ್ಣನ ಸಾಣಿಗೆ

ಪಂಪಣ್ಣ ಮೈಕ್ ಹಾರ್ನಿನ ಬಾಯೊಳಗೆ ತಲೆ ಹಾಕುತ್ತಿದ್ದ. ಮದುವೆಯಿರಲಿ, ಸಭೆಯಿರಲಿ, ಗಳಕ್ಕೆ ಏರಿಸುವ ಮೊದಲು ಹಾರ್ನನ್ನು ನೆಲದ ಮೇಲಿಟ್ಟು, ಮಂಡಿಯೂರಿ, ಅದರ ಅಗಲ ಬಾಯಿಯಲ್ಲಿ ಕಿವಿ ಮುಳುಗುವಷ್ಟು ತಲೆ ತೂರಿಸಿ ಒಳಗಿನಿಂದಲೇ ಕೂಗುತ್ತಿದ್ದ. "ಹೂಂ, ಬಿಡು... ಇನ್ನ ಬಿಡು... ಸಾಕ್ಲೇ ಸಾಕು, ಮ್ಯಾಲಿಂದು ಜರಾ ಇಳಸು." ಆಂಪ್ಲಿಫೈಯರ್ ಹತ್ತಿರ ಕೂತವನು ಗುಂಡಿ ತಿರುಗಿಸುತ್ತಿದ್ದ. ಎಂಬತ್ತರ ದಶಕದ ಸಿಂಧನೂರಿನಲ್ಲಿ ನಾವು ಓಣಿಯ ಹುಡುಗಿಯರು ಕಿವಿ ಮುಚ್ಚಿಕೊಂಡು ದೂರ ನಿಂತು, ತಲೆಯಿಲ್ಲದ ಆ ಮೈಯನ್ನು ನೋಡಿ ನಗುತ್ತಿದ್ದೆವು. ಹೊರಗೆ ಬಂದ ಮೇಲೆ ಸ್ವಲ್ಪ ಹೊತ್ತು ಅವನು ಯಾರ ಮಾತಿಗೂ ಹೂಂ ಅನ್ನುತ್ತಿರಲಿಲ್ಲ. ಅದು ಅವನ ದಿಮಾಕು ಅಂತ ಊರು ತಿಳಿದಿತ್ತು.

ಮೂಲ ಮಸ್ಕಿಯವನು. ಸಿಂಧನೂರಿಗೆ ಬಂದು ಮೈಕ್ ಸೆಟ್ಟಿನ ಅಂಗಡಿ ಇಟ್ಟಿದ್ದ. ಸಣಕಲು ಮನುಷ್ಯ, ತೋಳು ಮಡಚಿದ ಬಿಳಿ ಅಂಗಿ, ಹೆಗಲ ಮೇಲೆ ಟವೆಲ್ಲು. ಎಡಗೈಯಲ್ಲಿ ಸ್ಟೀಲ್ ಪಟ್ಟಿಯ ಸಡಿಲ ವಾಚು. ಕೈ ಎತ್ತಿದರೆ ಮೊಣಕೈವರೆಗೆ ಜಾರುತ್ತಿತ್ತು, ಇಳಿಸಿದರೆ ಝಲ್ಲೆಂದು ಮಣಿಕಟ್ಟಿಗೆ ಬಂದು ನಿಲ್ಲುತ್ತಿತ್ತು. ಒಂದು ಕೊಂಡಿ ತೆಗೆಸಿದರೆ ಮುಗಿಯುವ ಕೆಲಸ. ತೆಗೆಸಲಿಲ್ಲ. ಮೈಕಿನ ಮುಂದೆ ಬರುವಾಗ ಮಾತ್ರ ಬಿಚ್ಚಿ ಜೇಬಿಗೆ ಹಾಕುತ್ತಿದ್ದ. ಬೇರೆಯವರ ಕೀಲಿಕೈ ಗೊಂಚಲು, ಕಾಲುಂಗುರ, ಗರಿಗರಿ ಸೀರೆ, ಸಪ್ಪಳ ಮಾಡುವ ಎಲ್ಲದರ ಮೇಲೂ ಅವನ ಕಣ್ಣು. "ಬಾಯಿ ಒಂದ ಮಾತಾಡಬೇಕ್ರಿ, ಉಳದ ಮೈ ಸುಮ್ಮ ಇರಬೇಕು" ಅನ್ನುತ್ತಿದ್ದ.

ಧ್ವನಿಯ ವಿಷಯಕ್ಕೆ ಬಂದರೆ ಪಂಪಣ್ಣ ಅಡಿಗೆಮನೆಯ ಮಾತನ್ನೇ ಆಡುತ್ತಿದ್ದ. ಬಾಸು, ಟ್ರೆಬಲ್ಲು ಅನ್ನುವ ಗುಂಡಿಗಳಿಗೆ ಅವನಿಟ್ಟ ಹೆಸರು ಸಾಣಿಗೆ, ಹಿಟ್ಟು ಜರಡಿ ಹಿಡಿಯುವ ಸಾಣಿಗೆ. "ಹಾರ್ನಿಗೆ ನುಣ್ಣನ ಹಿಟ್ಟು ಬೇಕು, ರವಾ ನಡ್ಯಂಗಿಲ್ಲ. ದಪ್ಪ ಆವಾಜ ಹಾಕಿದ್ರ ಒಳಗಿನ ಯೂನಿಟ್ ಸುಟ್ಟ ಹೋಗ್ತದ. ಅದಕ್ಕ ಕೆಳಗಿಂದು ಸಾಣಿಗಿ ಹಿಡದು ತಗೀಬೇಕು." ಲಿಂಗಸೂಗೂರಿನ ಒಂದು ಸಭೆಯಲ್ಲಿ ದಪ್ಪ ಗಂಟಲಿನ ಮುಖಂಡರೊಬ್ಬರ ಭಾಷಣಕ್ಕೆ ಹಾಗೆ ಸಾಣಿಗೆ ಹಿಡಿದ. ಹಾರ್ನಿನಿಂದ ಅವರ ಧ್ವನಿ ಶಾಲೆಯ ಹುಡುಗಿಯ ಧ್ವನಿಯಂತೆ ಬಂತು. ಜನ ಬಾಯಿಗೆ ಟವೆಲ್ಲು ಹಿಡಿದುಕೊಂಡರು. ಮುಖಂಡರು ಕೆಳಗಿಳಿದು ಬಂದು ಬಾಯಿಗೆ ಬಂದಂತೆ ಬೈದರು. ಪಂಪಣ್ಣ ಅವರು ಮುಗಿಸುವವರೆಗೂ ತಂತಿ ಸುತ್ತುತ್ತ ನಿಂತಿದ್ದು, "ಸಾಹೇಬ್ರ, ನಿಮ್ಮ ಭಾಷಣ ಊರಿಗೆಲ್ಲ ಕೇಳಬೇಕೋ, ನಿಮಗಷ್ಟ ಕೇಳಬೇಕೋ?" ಅಂದನಂತೆ. ಈ ಕಥೆಯನ್ನು ಅವನೇ ಎಲ್ಲರಿಗೂ ಹೇಳಿಕೊಂಡು ತಿರುಗಿದ.

ನನ್ನ ಕಥೆ ಇಲ್ಲಿ ಸ್ವಲ್ಪವೇ ಸಾಕು. ಮದುವೆಯಾಗಿ ಹೊಸಪೇಟೆಗೆ ಹೋದೆ. ಗಂಡ ಕಾಮಾಲೆಯಿಂದ ತೀರಿಕೊಂಡ. ಒಳ್ಳೆಯ ಮನುಷ್ಯ, ನಾವು ಒಬ್ಬರನ್ನೊಬ್ಬರು ಸರಿಯಾಗಿ ತಿಳಿದುಕೊಳ್ಳುವಷ್ಟು ಕಾಲವೂ ಸಿಗಲಿಲ್ಲ. ಬಳೆ ಒಡೆಯುವಾಗ ನಾನು ಕೈ ಚಾಚಿದೆ, ಯಾರದೋ ಕೈಯನ್ನು ಚಾಚಿದ ಹಾಗೆ. ಸಿಂಧನೂರಿಗೆ ಅಣ್ಣನ ಮನೆಗೆ ಬಂದೆ. ಅಳು ಬರುತ್ತದೆ ಅಂತ ಅತ್ತಿಗೆ ಕಾದಳು, ಬರಲಿಲ್ಲ. ಊಟ ರುಚಿಯಿಲ್ಲ ಅಂತಲೂ ಅನ್ನಿಸಲಿಲ್ಲ, ರುಚಿಯಿದೆ ಅಂತಲೂ ಅನ್ನಿಸಲಿಲ್ಲ. ಹೊತ್ತು ಹೋಗಲೆಂದು ಅಣ್ಣ ಕಂಪ್ಯೂಟರ್ ಕಲಿಯಲು ಕಳಿಸಿದ. ಕಲಿತ ಮೇಲೆ ಅದೇ ಸೆಂಟರಿನಲ್ಲಿ, ಅರಿವೆ ಅಂಗಡಿಯ ಮಾಳಿಗೆ ಮೇಲೆ, ಕಲಿಸಲು ನಿಂತೆ. ಮೆಷಿನ್ನಿನ ಜೊತೆ ಕೆಲಸ ನನಗೆ ಒಗ್ಗಿತು. ಅದು ಹೇಗಿದ್ದೀಯ ಅಂತ ಕೇಳುತ್ತಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಪಂಪಣ್ಣ ಆ ಮಾಳಿಗೆಯ ಮೆಟ್ಟಿಲು ಹತ್ತಿ ಬಂದ. ಅಷ್ಟರಲ್ಲಿ ಅವನು ಮೈಕ್ ಸೆಟ್ಟಿನ ಜೊತೆಗೆ ಹಳ್ಳಿ ಪದಗಳ ಕ್ಯಾಸೆಟ್ಟು ಮಾಡುತ್ತಿದ್ದ. ಸ್ಪೇರ್ ಪಾರ್ಟು ತರಲು ಹೈದರಾಬಾದಿಗೆ ಹೋದವನು ಟವೆಲ್ಲಿನಲ್ಲಿ ಸುತ್ತಿ ಒಂದು ಸಿಡಿ ತಂದಿದ್ದ. ನನ್ನ ಮುಂದೆ ಇಟ್ಟು, "ಟೀಚರಮ್ಮ, ಇದರಾಗ ಒಂದು ವಾದ್ಯಾ ಐತಂತ. ಜರಾ ತಗದು ತೋರಸ್ರಿ" ಅಂದ. ನಾನು ಅವನಿಗಿಂತ ಎಷ್ಟೋ ಸಣ್ಣವಳು. ಅವನು ಒಂದು ದಿನವೂ ನನ್ನನ್ನು ನೀ ಅನ್ನಲಿಲ್ಲ.

ಅದು ಸಾಂಪ್ಲರ್ ಎಂಬ ಪ್ರೋಗ್ರಾಮು. ಯಾವ ಧ್ವನಿಯದಾದರೂ ಒಂದು ತುಣುಕನ್ನು ಒಳಗೆ ಹಾಕಿದರೆ, ಅದನ್ನು ಹಾರ್ಮೋನಿಯಂ ಮನೆಗಳಿಗೆ ಹಂಚಿಕೊಡುತ್ತದೆ. ಮೇಲಿನ ಮನೆ ಒತ್ತಿದರೆ ಅದೇ ಧ್ವನಿ ತೆಳ್ಳಗೆ, ಕೆಳಗಿನದು ಒತ್ತಿದರೆ ದಪ್ಪ. ಪಂಪಣ್ಣ ಮೊದಲು ಹಾಕಿದ್ದು ಎಮ್ಮೆಯ ಕೂಗು. ಎಮ್ಮೆಯಿಂದ ಮಂಗಳಾರತಿ ನುಡಿಸಿ, ಕೂತ ಕುರ್ಚಿಯಲ್ಲೇ ಕುಣಿದ. ರವಿವಾರ ಸೆಂಟರಿಗೆ ರಜೆ, ಮಾಲಕರು ಕೀಲಿ ನನ್ನ ಕೈಯಲ್ಲಿ ಕೊಟ್ಟಿದ್ದರು. ರವಿವಾರ ಬೆಳಿಗ್ಗೆಗಳೆಲ್ಲ ಹೀಗೆ ಅವನಿಗೆ ಹೋದವು. ಮನೆಯಲ್ಲಿ ಕೂತು ಮಾಡುವುದೇನೂ ನನಗಿರಲಿಲ್ಲ.

ಆ ಪ್ರೋಗ್ರಾಮಿನಲ್ಲಿ ಒಂದು ಮೂಲೆಗೆ ಫಿಲ್ಟರ್ ಇತ್ತು. ತೆರೆಯ ಮೇಲೆ ಒಂದು ಗೆರೆ ಎಡದಿಂದ ಬಲಕ್ಕೆ ನೆಟ್ಟಗೆ ಬಂದು, ಒಂದು ಜಾಗದಲ್ಲಿ ಕಾಲುವೆ ದಂಡೆ ಇಳಿದಂತೆ ಕೆಳಗಿಳಿಯುತ್ತದೆ. ಅಲ್ಲಿಂದಾಚೆಗಿನ ತೆಳು ಧ್ವನಿಯೆಲ್ಲ ಹೊರಗೆ, ಈಚೆಗಿನ ದಪ್ಪ ಧ್ವನಿ ಒಳಗೆ. ಗೆರೆಯನ್ನು ಎಡಕ್ಕೆ ಎಳೆದಷ್ಟೂ ಧ್ವನಿ ಕಂಬಳಿಯೊಳಗೆ ಹೋದಂತೆ ಮಂಕಾಗುತ್ತದೆ, ಬಲಕ್ಕೆ ಬಿಟ್ಟಷ್ಟೂ ಬಾಗಿಲು ತೆಗೆದಂತೆ ಬೆಳಗುತ್ತದೆ. ಬೇಕಾದರೆ ಗೆರೆಯನ್ನು ತಿರುವಿ ಹಾಕಿ ಕೆಳಗಿನದನ್ನು ತೆಗೆದು ಮೇಲಿನದನ್ನಷ್ಟೇ ಉಳಿಸಬಹುದು. ಇಳಿಜಾರಿನ ತುದಿಗೆ ಒಂದು ದಿಬ್ಬ ಎಬ್ಬಿಸಿದರೆ ಧ್ವನಿ ಮೂಗಿನಲ್ಲಿ ಮಾತಾಡುತ್ತದೆ. ಪಂಪಣ್ಣ ತೆರೆಗೆ ಮೂಗು ತಾಗುವಷ್ಟು ಬಾಗಿ ನೋಡಿದ. "ಅಯ್ಯ ಇದರ! ಸಾಣಿಗಿ ಕಣ್ಣಿಗೆ ಕಾಣಾಕತ್ತೈತಲ್ರಿ!" ಅಂದ. ಅವನ ಖುಷಿ ಅತಿಯಾಯಿತು ಅಂತ ನನಗೆ ಅನ್ನಿಸಿತು. ಕಾರಣ ಆಮೇಲೆ ಗೊತ್ತಾಯಿತು.

ಒಂದು ರವಿವಾರ ಕರೆಂಟು ಹೋಯಿತು. ಯುಪಿಎಸ್ಸು ಕೀಂ ಕೀಂ ಅಂತ ಕೂಗಿಕೊಳ್ಳತೊಡಗಿತು. ಆ ಕೂಗು ಕೇಳಿದರೆ ಹೊಸದಾಗಿ ಸೇರಿದ ಹುಡುಗರು ಕೂಡ ಕೆಲಸ ಉಳಿಸಿಕೊಳ್ಳಲು ಓಡುತ್ತಾರೆ. ಪಂಪಣ್ಣ ಯುಪಿಎಸ್ಸಿನ ಪಕ್ಕದಲ್ಲೇ ಕೂತು ಮೌಸು ಆಡಿಸುತ್ತಲೇ ಇದ್ದ. ನಾನು ಅವನ ಮುಖವನ್ನೇ ನೋಡುತ್ತ ನಿಂತೆ. ತೆರೆ ಕಪ್ಪಾದಾಗ ಬೆಚ್ಚಿಬಿದ್ದು, "ಏನಾತ್ರೀ?" ಅಂದ.

"ಪಂಪಣ್ಣ, ಇಷ್ಟೊತ್ತು ಕೂಗಿತಲ್ಲ, ಕೇಳಲಿಲ್ಲೇನು?"

ಅವನು ಯುಪಿಎಸ್ಸನ್ನು ನೋಡಿದ, ನನ್ನನ್ನು ನೋಡಿದ. ವಾಚನ್ನು ಸುಮ್ಮನೆ ಮೇಲಕ್ಕೂ ಕೆಳಕ್ಕೂ ಜಾರಿಸಿದ. ಆಮೇಲೆ ಹೇಳಿದ: "ಮ್ಯಾಲಿನ ಆವಾಜ ಹೋಗ್ಯಾವ್ರಿ. ಗುಬ್ಬಿ ಇಲ್ಲ, ಕುಕ್ಕರ್ ಸೀಟಿ ಇಲ್ಲ. ಮೊದಲ ಟ್ರೆಬಲ್ ಏರಿಸಿ ಏರಿಸಿ ನಡಸ್ದೆ. ಮಂದಿ ಕಿವಿ ಹರ್ಯಾಕತ್ತೈತಿ ಅಂದ್ರು. ಹಾರ್ನಿನ ಬಾಯಾಗ ತಲಿ ಹಾಕೋನ ಕಿವಿ ಇನ್ನ ಎಲ್ಲಿತನ ಬರ್ತಾವ? ಯಾರ ಮುಂದೂ ಅನಬ್ಯಾಡ್ರಿ. ಗೊತ್ತಾದ್ರ ಒಂದು ಮೈಕ್ ಸೆಟ್ ಕಟ್ಟಾಕ ಯಾರೂ ಕರ್ಯಂಗಿಲ್ಲ."

ಅನ್ನುವುದಿಲ್ಲ ಅಂದೆ. ಮುಂದಿನ ವಾರದಿಂದ ನಮ್ಮ ಕೆಲಸದ ರೀತಿ ಬದಲಾಯಿತು. ಕೆಳಗಿನ ಧ್ವನಿ ಅವನ ಪಾಲಿಗೆ, ಮೇಲಿನದು ನನ್ನ ಪಾಲಿಗೆ. ಅವನು ತೆರೆ ನೋಡುತ್ತ ಗೆರೆಯನ್ನು ನಿಧಾನಕ್ಕೆ ಬಲಕ್ಕೆ ಜರುಗಿಸುತ್ತಾನೆ. ಬೇಕಾದ ಧ್ವನಿ ನನ್ನ ಕಿವಿಗೆ ಬಂದ ಕ್ಷಣ ನಾನು ತೋರುಬೆರಳು ಎತ್ತಬೇಕು. ಮಾತಿಲ್ಲ, ಬೆರಳಷ್ಟೇ. ಅವನು ಅಲ್ಲಿಗೆ ಗೆರೆ ನಿಲ್ಲಿಸುತ್ತಾನೆ. ಹಾಗೆ ಎಷ್ಟೋ ಪದ ಮಾಡಿದೆವು. ಬೆರಳೆತ್ತುವುದಕ್ಕೆ ಮನಸ್ಸು ಬೇಕಾಗಿರಲಿಲ್ಲ, ಕಿವಿ ಸಾಕಿತ್ತು. ನನಗೆ ಅದೇ ಅನುಕೂಲವಾಗಿತ್ತು.

ಆ ವರ್ಷ ಅವನು ಮದುವೆ ಪದಗಳ ಕ್ಯಾಸೆಟ್ಟಿಗೆ ಕೈ ಹಾಕಿದ. ಅವನ ಮಟ್ಟಿಗೆ ಅದು ದೊಡ್ಡ ಕೆಲಸ. ಲಗ್ನದ ದಿನಗಳು ಶುರುವಾಗುವ ಮೊದಲು ಹೊರಬರಬೇಕಿತ್ತು. ಹಾಡುವವಳು ತುರ್ವಿಹಾಳದ ಗಂಗಮ್ಮ, ಗದ್ದೆ ಕೆಲಸದ ಹೆಂಗಸು, ಗಂಟಲು ಅಂದರೆ ಗಂಟಲು. ಅವಳಿಲ್ಲದೆ ಆ ಊರಲ್ಲಿ ಮದುವೆಯ ಅರಿಶಿನ ಬೀಸುವ ಶಾಸ್ತ್ರ ಆಗುತ್ತಿರಲಿಲ್ಲ. ಮುತ್ತೈದೆಯರು ಬೀಸುಕಲ್ಲಿಗೆ ಪೂಜೆ ಮಾಡಿ, ಗೂಟಕ್ಕೆ ಕೈ ಹಚ್ಚಿ, ಪದ ಹೇಳುತ್ತ ಅರಿಶಿನ ಬೀಸುವುದು ಅದು. ಗಂಡ ಸತ್ತವಳು ಆ ಕಲ್ಲನ್ನು ಮುಟ್ಟುವ ಹಾಗಿಲ್ಲ. ಪಂಪಣ್ಣ ಗಂಗಮ್ಮನನ್ನು ಮೈಕಿನ ಮುಂದೆ ಕೈಕಟ್ಟಿ ನಿಲ್ಲಿಸಿ ಹಾಡನ್ನು ಟೇಪಿಗೆ ಹಿಡಿದ. ಕಲ್ಲಿನ ಧ್ವನಿಯನ್ನು ಅವಳ ಮನೆಯಲ್ಲೇ, ಅವಳು ಬೀಸುವಾಗ ಬೇರೆಯಾಗಿ ಹಿಡಿದ. ಅದರಲ್ಲಿ ಕಲ್ಲಿನ ಒಂದೇ ಸುತ್ತನ್ನು ಕತ್ತರಿಸಿ ಸಾಂಪ್ಲರಿಗೆ ಹಾಕಿದ. ಹಾರ್ಮೋನಿಯಂ ಮನೆ ಒಂದನ್ನು ಒತ್ತಿ ಹಿಡಿದರೆ ಪದ ಮುಗಿಯುವವರೆಗೂ ಕಲ್ಲು ತಿರುಗುತ್ತಿರಬೇಕು, ಅದರ ಮೇಲೆ ಗಂಗಮ್ಮನ ಹಾಡು.

"ಇದಕ್ಕ ನೀವು ಬ್ಯಾಡ್ರಿ ಟೀಚರಮ್ಮ. ಬೀಸುಕಲ್ಲಂದ್ರ ಪೂರಾ ತಳದ ಆವಾಜು, ನನ್ನ ಪಾಲಿಂದು" ಅಂದ. ತಾನೊಬ್ಬನೇ ಕೂತು ಗೆರೆ ಎಳೆದ. ತೋರಿಸುವಾಗ ಮುಖ ಅರಳಿತ್ತು. "ತೆರಿಯಾಗ ಆವಾಜಿನ ಮ್ಯಾಲೆಲ್ಲ ಕಸ ಕಾಣಸ್ತಿತ್ತು ನೋಡ್ರಿ, ಹುಲ್ಲು ಎದ್ದಂಗ. ಸಾಫ್ ಹೊಡದೀನಿ." ಕೇಳಿದೆ. ಕಲ್ಲು ಹೊಟ್ಟೆಯೊಳಗೆ ತಿರುಗಿದಂತೆ ಗುರ್ ಗುರ್ ಅನ್ನುತ್ತಿತ್ತು, ಬೇರೆ ಯಾವ ಸಪ್ಪಳವೂ ಇಲ್ಲ. ನನಗೆ ಹಿತವಾಯಿತು. ಎರಡು ವರ್ಷದಿಂದ ಲೋಕ ನನಗೆ ಹೀಗೇ ಕೇಳುತ್ತಿತ್ತು. ಚೆನ್ನಾಗಿದೆ ಅಂದೆ. ಡಿಸ್ಕಿನಲ್ಲಿ ಜಾಗ ಸಾಲದೆಂದು ಅವನು ಮೂಲದ ತುಣುಕನ್ನು ಅಳಿಸಿದ. ಟೇಪಿನ ಮೇಲೆ ಬೇರೆ ಯಾರದೋ ಭಜನೆ ಹಿಡಿದ. ಅದು ಅವನ ಯಾವತ್ತಿನ ಪದ್ಧತಿ.

ಸಂತೆಯ ದಿನ ಗಂಗಮ್ಮ ಗಂಡನ ಜೊತೆ ಬಸ್ಸಿಗೆ ಬಂದಳು, ತನ್ನ ಪದ ಕೇಳಲು. ಇಬ್ಬರೂ ಚಪ್ಪಲಿ ಬಾಗಿಲಾಚೆ ಬಿಟ್ಟು ಬಂದು ಕೂತರು. ಪಂಪಣ್ಣ ಹಚ್ಚಿದ. ತನ್ನ ಧ್ವನಿ ಬಂದಾಗ ಗಂಗಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. ಗಂಡ ಅವಳ ಕಡೆ ಹೆಮ್ಮೆಯಿಂದ ನೋಡಿದ. ಸ್ವಲ್ಪ ಹೊತ್ತಿಗೆ ಅವಳ ನಗೆ ನಿಂತಿತು. ತಲೆ ಓರೆ ಮಾಡಿ ಕೇಳಿದಳು.

"ನಿಲ್ಲಸು ಪಂಪಣ್ಣ. ಬಳಿ ಎಲ್ಲಿ ಹೋದವು?"

"ಯಾವ ಬಳಿ ಬೇ?"

"ನನ್ನ ಬಳಿ! ಕಲ್ಲು ತಿರಗಾಕತ್ತೈತಿ, ಬಳಿ ಇಲ್ಲ. ಯಾರ ಕೈ ಇದು? ಮದಿವಿ ಮನ್ಯಾಗ ಅರಿಷಿಣ ಬೀಸಾಕ ಮುಂಡಿ ಕೈ ಹಚ್ಚೀಯೇನು? ನನ್ನ ಗಂಡ ಇಲ್ಲೇ ಕುಂತಾನ, ಕಣ್ಣ ಕಾಣವಲ್ಲವೇನ ನಿನಗ?" ಅವಳು ಎರಡೂ ಕೈ ಎತ್ತಿ ಝಾಡಿಸಿದಳು. ಹಸಿರು ಬಳೆಗಳು ಘಲ್ಲೆಂದವು. ಅಷ್ಟರಲ್ಲಿ ಅವಳ ಕಣ್ಣು ನನ್ನ ಕೈ ಮೇಲೆ ಬಿತ್ತು. ಎತ್ತಿದ ಕೈ ಇಳಿಸಿದಳು. "ನಿಮಗಂದಿದ್ದಲ್ರಿ ಯವ್ವಾ" ಅಂದಳು. ಇರಲಿ ಅಂದೆ. ನನಗೇನೂ ಅನ್ನಿಸಿರಲಿಲ್ಲ.

ಪಂಪಣ್ಣ ಇನ್ನೊಮ್ಮೆ ಹಿಡಿಯೋಣ, ಒಂದು ಸುತ್ತು ಬೀಸಿಕೊಡು ಅಂದ. ಗಂಗಮ್ಮ ಎದ್ದು ನಿಂತಳು. "ಒಮ್ಮಿ ಕೊಟ್ಟಿದ್ದ ಬಳಿ ನುಂಗಿದಿ. ಇನ್ನೊಮ್ಮಿ ನಿನ್ನ ಡಬ್ಬಿ ಬಾಯಿಗೆ ಕೈ ಒಡ್ಡಂಗಿಲ್ಲ. ಬರೋಬ್ಬರಿ ಮಾಡು, ಇಲ್ಲಾಂದ್ರ ನನ್ನ ಪದ ತಗದುಹಾಕು. ಮಂದಿ ಮದಿವ್ಯಾಗ ಇದನ್ನ ಹಚ್ಚಿದ್ರ ಪಾಪ ನನಗ ಸುತ್ತಗೋತದ." ಗಂಡ ಹೋಗಲಿ ಬಿಡು ಅನ್ನುತ್ತ ಅವಳ ಹಿಂದೆ ಮೆಟ್ಟಿಲಿಳಿದ.

ಪಂಪಣ್ಣ ತೆರೆಯ ಮೇಲಿನ ಗೆರೆಗೆ ಬೆರಳು ಹಚ್ಚಿದ. ಆಮೇಲೆ, "ಆ ಹುಲ್ಲು ಹುಲ್ಲಂಗ ಕಂಡಿದ್ದು ಬಳಿ ಏನ್ರಿ?" ಅಂತ ಕೇಳಿದ. ಇರಬೇಕು ಅಂದೆ. "ನನಗಂತೂ ಕೇಳಂಗಿಲ್ಲ. ನೀವು ಕೇಳಿದ್ರಲ್ಲ, ಬಳಿ ಇಲ್ಲಂತ ನಿಮಗ ಅನ್ನಿಸಲಿಲ್ಲೇನ್ರಿ?" ಇಲ್ಲ ಅಂದೆ. ಬಳೆಯಿಲ್ಲದ ಕೈ ನನಗೆ ರೂಢಿಯಾಗಿತ್ತು. ಇಲ್ಲದ್ದು ಇಲ್ಲ ಅಂತ ಗೊತ್ತಾಗಬೇಕಾದರೆ ಅದು ಬೇಕು ಅಂತಾದರೂ ಅನ್ನಿಸಬೇಕಲ್ಲ. ಪಂಪಣ್ಣ ನನ್ನ ಮಣಿಕಟ್ಟು ನೋಡಿದ. ಆವರೆಗೆ ಅವನು ಅದನ್ನು ನೋಡಿದ್ದನೋ ಇಲ್ಲವೋ. "ಇಬ್ಬರೂ ಕೂಡಿ ಒಂದು ಕಿವಿನೂ ಆಗಲಿಲ್ಲ ನೋಡ್ರಿ" ಅಂದ.

ಮುಂದಿನ ರವಿವಾರ ಬಂದವನು ಮೌಸಿನ ಪಕ್ಕ ಪೇಪರಿನ ಒಂದು ಪುಡಿಕೆ ಇಟ್ಟ. ಬಿಚ್ಚಿದೆ. ಹಸಿರು ಗಾಜಿನ ಬಳೆ.

"ಹಾಕ್ಕೋರಿ" ಅಂದ.

ನನಗೆ ಎಷ್ಟೋ ದಿನದ ಮೇಲೆ ಸಿಟ್ಟು ಬಂತು. ಬಂತು ಅಂತ ಗೊತ್ತಾಗಿ ಆಶ್ಚರ್ಯವೂ ಆಯಿತು. "ಪಂಪಣ್ಣ, ತಲಿ ನೆಟ್ಟಗದ ಇಲ್ಲ ನಿಮಗ? ಬೇರೆ ಯಾರನ್ನಾರ ಕರೀರಿ."

"ಕರೀತೀನಿ. ಬಳಿ ಕೇಳಾಕತ್ತಾವೋ ಇಲ್ಲೋ ಅಂತ ಯಾರನ್ನ ಕೇಳ್ಲಿ? ಬಂದಾಕಿ ಎದುರಿಗೆ ನಿಮ್ಮ ಬೆರಳು ನೋಡಕೋಂತ ಕುಂತ್ರ ಊರಿಗೆಲ್ಲ ಗೊತ್ತಾಗ್ತದ, ಪಂಪಣ್ಣ ಕಿವುಡ ಅದಾನಂತ. ಸಂಜಿಕ ಅಂಗಡಿ ಬಾಗಲಾ ಹಾಕಬೇಕು ನಾ."

"ಇದು ಮದಿವಿ ಕ್ಯಾಸೆಟ್ಟು ಪಂಪಣ್ಣ. ನನ್ನ ಕೈದು ಬಳಿ ಹೆಂಗ ನಡೀತದ?"

"ಮೈಕಿಗೆ ಬಳಿ ಕೇಳ್ತದ್ರಿ, ಕೈ ಕಾಣಂಗಿಲ್ಲ."

ನಾನು ಪುಡಿಕೆಯನ್ನು ಅವನ ಕಡೆಗೆ ಸರಿಸಿದೆ. ಅವನು ತೆಗೆದುಕೊಳ್ಳಲಿಲ್ಲ. ಯಾವಾಗಲೂ ತಮಾಷೆ ಇರುವ ಮುಖ, ಆಗ ಇರಲಿಲ್ಲ. "ಟೀಚರಮ್ಮ, ನನ್ನ ಹೆಂಡ್ತಿ ಸತ್ತಾಗ ನೀವಿನ್ನ ಸಾಲಿಗೆ ಹೋಗ್ತಿದ್ರಿ. ಸತ್ತ ದಿನ ಈ ವಾಚ ನನ್ನ ಕೈಯಾಗ ಇತ್ತು. ಯಾರೂ ಬಿಚ್ಚು ಅನಲಿಲ್ಲ. ಕೊಟ್ಟಾಕಿ ಆಕಿನ, ಲಗ್ನದಾಗ. ಸಡ್ಲ ಆಗಿತ್ತು, ಹಂಗ ಬಿಟ್ಟೀನಿ. ಆವಾಜ ಬ್ಯಾಡಾದಾಗ ನಾನ ಬಿಚ್ಚತೀನಿ. ಈಗ ಆವಾಜ ಬೇಕಾಗೈತಿ, ನೀವ ಹಾಕ್ಕೋರಿ. ಇಷ್ಟ."

ಅವನಿಗೆ ಕ್ಯಾಸೆಟ್ಟು ಬೇಕಾಗಿತ್ತೋ, ನನ್ನ ಕೈಗೆ ಬಳೆ ಬೇಕಾಗಿತ್ತೋ, ನನಗೆ ಇಂದಿಗೂ ತಿಳಿಯದು. ಕೇಳಲಿಲ್ಲ. ಬಳೆ ಹಾಕಿಕೊಂಡೆ. ಕೈ ಬಡಕಲಾಗಿತ್ತು, ಸಲೀಸಾಗಿ ಹೋದವು. ಮೈಕಿನ ಮುಂದೆ ನೆಲದ ಮೇಲೆ ಕೂತು, ಇಲ್ಲದ ಗೂಟವನ್ನು ಮುಷ್ಟಿಯಲ್ಲಿ ಹಿಡಿದು, ಇಲ್ಲದ ಕಲ್ಲನ್ನು ತಿರುಗಿಸಿದೆ. ಅವನು ಎದುರಿಗೆ ಕೂತು ತನ್ನ ಮುಷ್ಟಿ ತಿರುಗಿಸಿ ವೇಗ ತೋರಿಸುತ್ತಿದ್ದ. ವಾಚು ಅವನ ಜೇಬಿನಲ್ಲಿತ್ತು.

ಆಮೇಲೆ ಗೆರೆಯನ್ನು ತಿರುವಿ ಹಾಕಿ ಕೆಳಗಿನಿಂದ ಸಾಣಿಗೆ ಹಿಡಿದ. ಫ್ಯಾನಿನ ಗುಂಯ್ ಹೋಯಿತು. ಕೆಳಗೆ ರಸ್ತೆಯ ಲಾರಿ ಹೋಯಿತು. ಸೀರೆಯ ಸರಬರ, ನನ್ನ ಉಸಿರು, ಒಂದೊಂದೇ ಹೋದವು. ನಾನು ಪೂರಾ ಹೋದ ಮೇಲೆ ಬಳೆ ಮಾತ್ರ ಉಳಿಯಿತು. ಅದನ್ನು ಗಂಗಮ್ಮನ ಕಲ್ಲ ಮೇಲೆ ಕೂರಿಸಿ, ಸದ್ದನ್ನು ಸೊನ್ನೆಯಿಂದ ಸಾವಕಾಶ ಏರಿಸುತ್ತ ಅವನು ನನ್ನ ಬೆರಳು ನೋಡಿದ. ಮೊದಲು ಕಲ್ಲೊಂದೇ. ಕಲ್ಲು, ಕಲ್ಲು. ಆಮೇಲೆ ಎಲ್ಲೋ ದೂರದ ಮನೆಯೊಳಗೆ ಯಾರೋ ಕೆಲಸ ಮಾಡುತ್ತಿರುವಂತೆ ಘಲ್ ಅಂತು. ಬೆರಳು ತಾನಾಗಿ ಎದ್ದಿತು. ಅಳು ಬರಬಹುದು ಅಂದುಕೊಂಡೆ. ಬರಲಿಲ್ಲ. ಬಳೆ ಬಿಚ್ಚಿ ಪುಡಿಕೆ ಕಟ್ಟಿ ಅವನಿಗೆ ಕೊಟ್ಟೆ. "ನಾ ಹಾಕ್ಕೊಂಡು ತಿರಗಾಡ್ಲೇನ್ರಿ? ಒಯ್ಯಿರಿ" ಅಂದ. ಒಯ್ದು ಟ್ರಂಕಿನ ತಳಕ್ಕೆ ಹಾಕಿದೆ.

ಗಂಗಮ್ಮ ಮತ್ತೆ ಬಂದಳು, ಈ ಸಲ ಕೂರಲಿಲ್ಲ. ನಿಂತೇ ಕೇಳಿದಳು. ಪಂಪಣ್ಣನ ಅಂಗಿ ಬೆನ್ನಿಗೆ ಅಂಟಿತ್ತು. ಪದ ಅರ್ಧಕ್ಕೆ ಬಂದಾಗ ಅವಳ ಮುಖ ಸಡಿಲಾಯಿತು. "ಹಾಂ, ಇವ ನೋಡು ನನ್ನ ಬಳಿ. ಎಲ್ಲಿ ಇಟ್ಟಿದ್ದಿ?"

"ಒಳಗ ಅಡಗಿದ್ದವು ಬೇ. ಹುಡಕಿ ತಗದ್ವಿ" ಅಂದ ಪಂಪಣ್ಣ.

"ನನ್ನ ಬಳಿ ಆವಾಜ ನನಗ ಗೊತ್ತಾಗಂಗಿಲ್ಲೇನು? ಸಾವಿರ ಮಂದ್ಯಾಗ ಗುರ್ತು ಹಿಡೀತೀನಿ." ಅವಳು ಖುಷಿಯಿಂದ ನನ್ನ ಗಲ್ಲ ಸವರಿ ಹೋದಳು. ಪಂಪಣ್ಣನೂ ನಾನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದ್ದರೆ ನಕ್ಕುಬಿಡುತ್ತಿದ್ದೆವು.

ಆ ಕ್ಯಾಸೆಟ್ಟು ಓಡಿತು. ಸಿಂಧನೂರು, ಮಸ್ಕಿ, ಲಿಂಗಸೂಗೂರು, ಯಾವ ಊರಿನ ಚಪ್ಪರವಾದರೂ ಅರಿಶಿನದ ದಿನ ಅದನ್ನೇ ಹಚ್ಚುತ್ತಿದ್ದರು. ಮಸ್ಕಿಯಲ್ಲಿ ನನ್ನ ದೊಡ್ಡಪ್ಪನ ಮೊಮ್ಮಗಳ ಮದುವೆ. ಒಳಗೆ ಮುತ್ತೈದೆಯರು ಕಲ್ಲಿನ ಸುತ್ತ ಕೂತಿದ್ದರು, ನನ್ನನ್ನು ಪಡಸಾಲೆಯಲ್ಲಿ ತರಕಾರಿ ಹೆಚ್ಚಲು ಕೂರಿಸಿದ್ದರು. ಯಾರೂ ಕೆಟ್ಟ ಮಾತಾಡಲಿಲ್ಲ, ಆಡಬೇಕಾಗಿಯೂ ಇರಲಿಲ್ಲ. ಚಪ್ಪರದ ಮೇಲಿನಿಂದ ಪದ ಶುರುವಾಯಿತು. ಕಲ್ಲು ಗಂಗಮ್ಮನದು, ಬಳೆ ನನ್ನದು. ಒಳಗಿನವರು ಅದಕ್ಕೆ ಸರಿಯಾಗಿ ಬೀಸತೊಡಗಿದರು. ನಾನು ಬದನೆಕಾಯಿ ಹೆಚ್ಚಿದೆ. ಪಂಪಣ್ಣ ಆಂಪ್ಲಿಫೈಯರ್ ಪಕ್ಕ ಕೂತಿದ್ದವನು ದೂರದಿಂದಲೇ ಹುಬ್ಬು ಹಾರಿಸಿ ಕೇಳಿದ, ಬಂತೇನು ಅಂತ. ಈಳಿಗೆಯಿಂದ ಕೈ ತೆಗೆದು ಬೆರಳೆತ್ತಿದೆ.

ಆಮೇಲೆ ಅವನ ಕಿವಿ ಬೇಗ ಬೇಗ ಇಳಿಯಿತು. ಮಾತು ಹೋಯಿತು, ಡೋಲು ಅಷ್ಟೇ ಉಳಿಯಿತು. ಊರಿಗೆ ಗೊತ್ತಾಗುವ ಮೊದಲೇ ಅಂಗಡಿಯನ್ನು ಮಾರಿ, ಲಿಂಗಸೂಗೂರಿನಲ್ಲಿ ಮಗಳ ಮನೆ ಸೇರಿದ. ಮೈಯೂ ಕೆಟ್ಟಿತ್ತು. ಒಂದು ಮಧ್ಯಾಹ್ನ ನೋಡಲು ಹೋದೆ. ಹೊರಗಿನ ಕಟ್ಟೆಯ ಮೇಲೆ ಮಂಚ ಹಾಕಿಸಿಕೊಂಡು ಮಲಗಿದ್ದ. ನನ್ನನ್ನು ಕಂಡು ಎದ್ದು ಕೂತ. ವಾಚು ಗೋಡೆಯ ಗೂಡಿನಲ್ಲಿತ್ತು. "ಕೈಯಾಗ ನಿಂದರವಲ್ದು" ಅಂದ. ನಾನು ಏನೋ ಕೇಳಿದೆ. ತುಟಿ ನೋಡಿ ತಿಳಿದುಕೊಂಡು ಹೇಳಿದ: "ನನ್ನ ಗೆರಿ ಪೂರಾ ಎಡಕ್ಕ ಬಂದೈತ್ರಿ ಟೀಚರಮ್ಮ. ಇನ್ನೊಂದೀಟ ಉಳದೈತಿ."

ಹಿಂದಿನ ಓಣಿಯಲ್ಲಿ ಯಾರದೋ ಮದುವೆ. ದೊಡ್ಡ ಬಾಕ್ಸು ಕಟ್ಟಿದ್ದರು. ಪಂಪಣ್ಣ ಗೋಡೆಗೆ ಅಂಗೈ ಒತ್ತಿ ಹಿಡಿದ. ಸ್ವಲ್ಪ ಹೊತ್ತು ಹಾಗೇ ಇದ್ದು, "ಕಲ್ಲು ತಿರಗಾಕತ್ತೈತಿ. ನಮ್ಮದ ಅಲ್ರಿ?" ಅಂದ. ಹೌದು ಅಂತ ತಲೆಯಾಡಿಸಿದೆ. ಅವನು ಗೋಡೆಯಿಂದ ಕೈ ತೆಗೆಯದೆ ನನ್ನನ್ನು ನೋಡಿದ.

"ಬಳಿ?"

ಕಿವಿಗೊಟ್ಟೆ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಹಿಡಿದು, ಅದರಿಂದ ಇನ್ನೊಂದಕ್ಕೆ ಹಿಡಿದು, ಎಷ್ಟನೆಯ ಪ್ರತಿಯೋ ಏನೋ. ಪ್ರತಿ ಸಲವೂ ಮೇಲಿನ ಧ್ವನಿ ಒಂದಿಷ್ಟು ಸೋರಿಹೋಗುತ್ತದೆ. ಕಲ್ಲಿತ್ತು, ಗಂಗಮ್ಮನ ಧ್ವನಿ ಕಂಬಳಿಯೊಳಗಿನಿಂದ ಬಂದಂತೆ ಇತ್ತು. ಬಳೆ ಇರಲಿಲ್ಲ. ಈ ಸಲ ಇಲ್ಲ ಅಂತ ನನಗೆ ಗೊತ್ತಾಯಿತು.

ಬೆರಳೆತ್ತಿದೆ.

"ಹಂಗಾದ್ರ ಸಾಕು" ಅಂದ ಪಂಪಣ್ಣ. ಪದ ಮುಗಿಯುವವರೆಗೂ ಗೋಡೆಗೆ ಕೈಯಿಟ್ಟೇ ಕೂತಿದ್ದ. ಮಗಳು ಚಹಾ ತಂದಳು, ಕುಡಿದು ಬಸ್ಸಿಗೆ ಹೊರಟೆ.

ಅವನು ಹೋದ ಸುದ್ದಿ ಸೆಂಟರಿನ ಫೋನಿಗೆ ಬಂತು. ಮಸ್ಕಿಯಲ್ಲಿ ಮಣ್ಣು ಮಾಡಿದರು. ಹೋಗಿ ಬಂದೆ. ಹೆಂಗಸರು ಅಳುತ್ತಿದ್ದರು, ನಾನು ಅವರ ನಡುವೆ ಸುಮ್ಮನೆ ಕೂತಿದ್ದೆ. ಮಗಳು ಅವನ ಕೈಗೆ ವಾಚು ಕಟ್ಟಿದ್ದಳು. ಅದನ್ನು ಬಿಚ್ಚಬೇಕೋ ಬೇಡವೋ ಅಂತ ಗಂಡಸರು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಕೊನೆಗೆ ಹಾಗೇ ಬಿಟ್ಟರು.

ಮನೆಗೆ ಬಂದು ಸ್ನಾನ ಮಾಡಿದೆ. ಮಧ್ಯಾಹ್ನದ ಹೊತ್ತು, ಅಣ್ಣ ಕೆಲಸಕ್ಕೆ ಹೋಗಿದ್ದ, ಅತ್ತಿಗೆ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಟ್ರಂಕು ತೆಗೆದು ತಳದಿಂದ ಪುಡಿಕೆ ಹೊರತೆಗೆದೆ. ಪೇಪರು ಹಳದಿಯಾಗಿತ್ತು, ಬಳೆ ಹಸಿರಾಗಿಯೇ ಇದ್ದವು. ಒಂದೊಂದಾಗಿ ಹಾಕಿಕೊಂಡೆ. ನೆಲದ ಮೇಲೆ ಕೂತು, ಇಲ್ಲದ ಗೂಟ ಹಿಡಿದು, ಕೈಯನ್ನು ಒಂದು ಸುತ್ತು ತಿರುಗಿಸಿದೆ. ಘಲ್ ಅಂದವು. ಬೆರಳೆತ್ತಿದೆ, ರೂಢಿಯಿಂದ. ಗೆರೆ ನಿಲ್ಲಿಸುವವರು ಯಾರೂ ಇರಲಿಲ್ಲ. ಕೈಯನ್ನು ಇನ್ನೊಂದು ಸುತ್ತು ತಿರುಗಿಸಿದೆ.

ಅಡಿಗೆಮನೆಯಲ್ಲಿ ರೊಟ್ಟಿಯ ಸಪ್ಪಳ ನಿಂತಿತು.

"ಯಾರ ಬಂದಾರ?" ಅಂತ ಅತ್ತಿಗೆ ಅಲ್ಲಿಂದಲೇ ಕೇಳಿದಳು. "ಬಳಿ ಸಪ್ಪಳ ಕೇಳಾಕತ್ತೈತಿ."

"ಯಾರೂ ಇಲ್ಲ ಅತ್ತಿಗಿ" ಅಂದೆ. "ನಾನ."